ಸಾತಲಿಂಗಪ್ಪನಿಗೆ ಕಾಣದ ಬೆಲ್ಲದಪ್ಪ

ಸೋಲಾಪುರದ ಪೇಠೆಯಲ್ಲಿ ಬೆಲ್ಲದ ವ್ಯಾಪಾರ ಮಾಡುತ್ತಿದ್ದ ಸಾತಲಿಂಗಪ್ಪ ಇದ್ದದ್ದನ್ನು ಇದ್ದ ಹಾಗೆಯೇ ಹೇಳುವ ಮನುಷ್ಯ. ಜನ ಇದನ್ನು ಗುಣ ಎನ್ನುತ್ತಿರಲಿಲ್ಲ, ಒಂದು ನಮೂನೆಯ ಜಡ್ಡು ಎನ್ನುತ್ತಿದ್ದರು. ಗಿರಾಕಿ ಬಂದು "ಬೆಲ್ಲ ಹ್ಯಾಂಗದರಿ?" ಎಂದು ಕೇಳಿದರೆ, "ಮ್ಯಾಲಿಂದು ಚಲೋ ಅದ, ತಳದಾಗಿಂದು ನೀರೊಡದದ" ಎಂದು ಹೇಳಿಬಿಡುತ್ತಿದ್ದ. ಹಿಂದೆ ಕನ್ಯೆ ನೋಡಲು ಹೋಗಿ ಬಂದಾಗ ಮನೆಯವರು "ಹುಡುಗಿ ಹ್ಯಾಂಗಿದ್ದಳೋ?" ಎಂದು ಕೇಳಿದ್ದಕ್ಕೆ "ಬಾಗಲದಾಗ ನಿಂತಿದ್ದಳು" ಎಂದಿದ್ದ. ಆ ಹುಡುಗಿ ಉಮಾಬಾಯಿ ಅವನ ಹೆಂಡತಿಯಾಗಿ ಬಂದಳು. ಈ ಮಾತನ್ನು ಬಂದ ನೆಂಟರಿಗೆಲ್ಲ ಹೇಳಿ ಹೇಳಿ ನಗುತ್ತಿದ್ದಳು.

ಅಂಥವನ ಅಂಗಡಿಯ ಗೋಡೆಯಲ್ಲಿ ದೇವರು ಮೂಡಿದ.

ಮೂಡಿದ್ದರಲ್ಲಿ ದೊಡ್ಡ ಆಶ್ಚರ್ಯವೇನೂ ಇರಲಿಲ್ಲ. ನಮ್ಮ ಪೇಠೆಗೆ ಇಂಥದು ರೂಢಿಯಾಗಿತ್ತು. ಮದುವೆಯ ಮೆರವಣಿಗೆ ಹಾದುಹೋಗುವಾಗ ಬಾಜಾ ನಿಲ್ಲಿಸಿ ಅಪ್ಪಣೆ ಕೇಳಲೇಬೇಕಾದ ಬೇವಿನ ಮರವೊಂದಿತ್ತು. ಹೊಸ ಕೊಡ ಇಳಿಬಿಟ್ಟರೆ ಬಿಕ್ಕುವ ಬಾವಿಯಿತ್ತು. ಗಿರಣಿಯ ಭೋಂಗಾ ಕೂಗುವುದಕ್ಕೆ ತುಸು ಮೊದಲೇ ಊಳಿಡುವ ಕೆಂದ ನಾಯಿಯೊಂದಿತ್ತು. ಹಿಂದಿನ ಜನ್ಮದಲ್ಲಿ ಅದು ಗಿರಣಿಯ ಮುಕಾದಮನಾಗಿತ್ತೆಂದು ನಂಬಿ, ಕೆಲಸಕ್ಕೆ ಹೋಗುವವರು ಅದಕ್ಕೆ ನಮಸ್ಕಾರ ಮಾಡಿಯೇ ಮುಂದೆ ಹೋಗುತ್ತಿದ್ದರು. ಸಾತಲಿಂಗಪ್ಪ ಮಾತ್ರ ಅದಕ್ಕೆ "ಹಚ್ಯಾ" ಎನ್ನುತ್ತಿದ್ದ.

ಎಪ್ಪತ್ತೆರಡರ ಬರ ಮುಗಿದು ಮರುವರ್ಷ ಮಳೆ ಚೆನ್ನಾಗಿ ಸುರಿಯಿತು. ಹಳೆಯ ವಾಡೆಗಳ ಮಣ್ಣಿನ ಗೋಡೆಗಳೆಲ್ಲ ನೀರು ಕುಡಿದು ಉಬ್ಬಿದವು. ಸಾತಲಿಂಗಪ್ಪನ ಅಂಗಡಿಯ ಪಕ್ಕದ ಗೋಡೆಗೆ ಒತ್ತಿ ಪೇರಿಸಿದ್ದ ಬೆಲ್ಲದ ಪೆಂಟಿಗಳು ಬೆವರಿದವು. ಮಳೆ ನಿಂತ ಮೇಲೆ ಹಮಾಲ ಕಾಮಣ್ಣ ಆ ಪೆಂಟಿಗಳನ್ನು ಒಂದೊಂದಾಗಿ ಸರಿಸುತ್ತಿದ್ದವನು ಇದ್ದಕ್ಕಿದ್ದಂತೆ ಹೊತ್ತದ್ದನ್ನು ಕೆಳಗೆ ಹಾಕಿ, ನೆಲಕ್ಕೆ ಹಣೆ ಹಚ್ಚಿ ಮಲಗಿದ.

"ಸಾವ್ಕಾರ್ರ! ಮಾಳಿಂಗರಾಯ ಬಂದಾನ್ರಿ!"

ಗಲ್ಲೆಯ ಮೇಲೆ ಕೂತು ರೊಕ್ಕ ಎಣಿಸುತ್ತಿದ್ದ ಸಾತಲಿಂಗಪ್ಪ ತಲೆಯೆತ್ತಲಿಲ್ಲ. "ಯಾ ಊರಿಂದ ಬಂದಾನ? ಕೂಡ್ರಸು, ಚಹಾ ಹೇಳು."

ಕಾಮಣ್ಣ ಹುಲಜಂತಿಯ ಕಡೆಯವನು. ಅವನು ಹೇಳಿದ್ದು ತನ್ನೂರಿನ ಮಹಾಲಿಂಗರಾಯ ದೇವರ ಮಾತು. ಸಾತಲಿಂಗಪ್ಪ ಎದ್ದುಹೋಗಿ ನೋಡಿದ. ಗೋಡೆಯ ಮೇಲೆ ಕಂದು ಬಣ್ಣದ ದೊಡ್ಡದೊಂದು ಕಲೆಯಿತ್ತು. ಕಲೆಯ ಕೆಳಭಾಗಕ್ಕೆ ಇರುವೆ ಮುತ್ತಿದ್ದವು.

"ಬೆಲ್ಲ ಸೋರ್ಯಾದ," ಎಂದ.

"ಗಡ್ಡ ನೋಡ್ರಿ ಸಾವ್ಕಾರ್ರ, ಗಡ್ಡ! ಅಲುಗಾಡಾಕತ್ತದ!"

"ಅವು ಇರವಿ."

ಅಷ್ಟರಲ್ಲಿ ಉಮಾಬಾಯಿ ಒಳಗಿಂದ ಬಂದಳು. ಗೋಡೆಯನ್ನು ನೋಡಿದವಳೇ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಅವಳಿಗೆ ಕಂಡವನು ಸೋಲಾಪುರದ ಸಿದ್ಧರಾಮ. ಮಧ್ಯಾಹ್ನದ ಹೊತ್ತಿಗೆ ಓಣಿಯೆಲ್ಲ ಸೇರಿತು. ಮರಾಠಿ ಶಾಲೆಯಿಂದ ನಿವೃತ್ತರಾದ ಮಾಸ್ತರರು ಚಶ್ಮಾ ಒರೆಸಿಕೊಂಡು, "ಅಹೋ, ಹೇ ತರ್ ಸ್ವಾಮೀಚ್!" ಎಂದು ಅಕ್ಕಲಕೋಟದ ಸ್ವಾಮಿಯನ್ನೇ ಕಂಡರು. ಚಹಾದ ಅಂಗಡಿಯ ಮಹಿಬೂಬ ಒಬ್ಬ ಪೀರರನ್ನು ಕಂಡು ಟೋಪಿ ಸರಿಮಾಡಿಕೊಂಡ. ತೆಲುಗು ನೇಕಾರರು ಮಾರ್ಕಂಡೇಯ ಋಷಿಯೆಂದರು. ಸೋಜಿಗವೆಂದರೆ ಯಾರೂ ಜಗಳಾಡಲಿಲ್ಲ. ಒಬ್ಬರು ಹೇಳಿದ್ದನ್ನು ಕೇಳಿದ ಮೇಲೆ ಇನ್ನೊಬ್ಬರಿಗೂ ಅದು ಹೌದೇ ಅನ್ನಿಸುತ್ತಿತ್ತು. ಕಡೆಗೆ ಎಲ್ಲರಿಗೂ ಒಗ್ಗುವಂತೆ ಕನ್ನಡದವರು ಬೆಲ್ಲದಪ್ಪ ಎಂದರು, ಮರಾಠಿಯವರು ಅದನ್ನೇ ತಮ್ಮ ಮಾತಿನಲ್ಲಿ ಗೂಳಬಾಬಾ ಎಂದರು. ಗೋಡೆಗೆ ಹೂವಿನ ಸರ ಬಿತ್ತು.

ಊರಿಗೆ ಊರೇ ನೋಡಿದ ಆ ಮುಖ ಸಾತಲಿಂಗಪ್ಪ ಒಬ್ಬನಿಗೆ ಕಾಣಲಿಲ್ಲ.

ಅವನು ಪ್ರಯತ್ನ ಮಾಡಲಿಲ್ಲ ಎಂದಲ್ಲ. ಜನ ಇಲ್ಲದ ಹೊತ್ತಿನಲ್ಲಿ ಹತ್ತಿರ ಹೋಗಿ ನೋಡಿದ, ದೂರ ನಿಂತು ನೋಡಿದ, ಒಂದು ಕಣ್ಣು ಮುಚ್ಚಿ ನೋಡಿದ. ಉಮಾಬಾಯಿ ಕಸಬರಿಗೆಯ ಕಡ್ಡಿಯಿಂದ ತೋರಿಸಿಕೊಟ್ಟಳು: "ಇಕಾ, ಇದು ಮೂಗು. ಇದು ಹಣಿ. ಈಗ ಕಾಣ್ತದೇನ್ರಿ?"

"ಕಡ್ಡಿ ಕಾಣ್ತದ."

ದರ್ಶನಕ್ಕೆ ಬಂದವರು ಅವನ ಕಾಲು ಮುಟ್ಟಿ, "ನಿಮಗ ಮೊದಲ ಹ್ಯಾಂಗ ಕಾಣಿಸಿದರ್ರಿ?" ಎಂದು ಕೇಳಿದರೆ, "ನನಗ ಏನೂ ಕಂಡಿಲ್ಲ. ಅದು ಬೆಲ್ಲದ ಕಲಿ" ಎನ್ನುತ್ತಿದ್ದ. ಜನ ಒಬ್ಬರನ್ನೊಬ್ಬರು ನೋಡಿ, "ಎಷ್ಟು ದೊಡ್ಡ ಮನುಷ್ಯಾ! ಅಹಂಕಾರ ಅನ್ನೂದೇ ಇಲ್ಲ" ಎಂದು ಇನ್ನೊಮ್ಮೆ ಕಾಲು ಮುಟ್ಟುತ್ತಿದ್ದರು. ಕಾಲು ಮುಟ್ಟಿಸಿಕೊಂಡು ಮುಟ್ಟಿಸಿಕೊಂಡು ಅವನು ಚಪ್ಪಲಿ ಬಿಚ್ಚುವುದನ್ನೇ ಬಿಟ್ಟ. ಆಗ ಚಪ್ಪಲಿಯನ್ನೇ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು.

ಸುದ್ದಿ ಅಕ್ಕಲಕೋಟ ದಾಟಿ ವಾಗದರಿಯವರೆಗೂ ಹೋಯಿತು. ಅಲ್ಲಿ ಹೊಲಮನೆ ನೋಡಿಕೊಂಡಿದ್ದ ಅವನ ಅಕ್ಕ ಗುರುಲಿಂಗಮ್ಮ ಎಸ್‌ಟಿ ಬಸ್ಸು ಹತ್ತಿ ಬಂದಳು. ಗೋಡೆಗೆ ನಮಸ್ಕಾರ ಮಾಡಿ ತಮ್ಮನ ಮುಂದೆ ಕೂತಳು.

"ದೇವರು ಬಂದು ಮನ್ಯಾಗ ಕುಂತಾನ, ನೀ ಕಾಣಂಗಿಲ್ಲ ಅಂತೀ ಅಂತಲ್ಲೋ ತಮ್ಮಾ. ಕಣ್ಣಿಗೆ ಏನಾಗ್ಯಾದ?"

"ಕಣ್ಣು ಚಲೋ ಅವ ಅಕ್ಕಾ."

"ಚಲೋ ಇದ್ರ ಕಾಣ್ತಿತ್ತು. ನಡಿ."

ಅಕ್ಕಲಕೋಟದಲ್ಲಿ ಅವಳಿಗೆ ಪರಿಚಯದ ಕಣ್ಣಿನ ಡಾಕ್ಟರರೊಬ್ಬರಿದ್ದರು. ಅಲ್ಲಿಗೆ ಅವನನ್ನು ಎಳೆದುಕೊಂಡು ಹೋದಳು. ಸಾತಲಿಂಗಪ್ಪ ಗೋಡೆಗೆ ನೇತುಹಾಕಿದ ಅಕ್ಷರದ ಪಟವನ್ನು ಮೇಲಿಂದ ಕೆಳಗಿನವರೆಗೆ ಓದಿದ. ಅದು ಮುಗಿದ ಮೇಲೆ, ಪಟದ ತುದಿಯಲ್ಲಿದ್ದ ಛಾಪಖಾನೆಯ ಹೆಸರನ್ನೂ ಓದಿದ. ಡಾಕ್ಟರರು ದೀಪ ಹಚ್ಚಿ ಅವನ ಕಣ್ಣೊಳಗೆ ಇಣುಕಿದರು.

"ಕಣ್ಣಿಗೆ ಏನೂ ಆಗಿಲ್ರಿ," ಎಂದು ಹೇಳಿ, ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಬರೂ ಸೋಮವಾರ ನಮ್ಮ ಮನಿಯವರು ದರ್ಶನಕ್ಕ ಬರಾಂವರ ಇದ್ದಾರ. ಪಾಳ್ಯಾಗ ಸ್ವಲ್ಪ ಮುಂದ ಬಿಡಸ್ರಿ."

ಬಸ್‌ಸ್ಟ್ಯಾಂಡಿನಲ್ಲಿ ಸೋಲಾಪುರದ ಗಾಡಿಗೆ ಕಾಯುತ್ತ ಗುರುಲಿಂಗಮ್ಮ ಎಲೆ ಅಡಿಕೆ ಹಾಕಿಕೊಂಡಳು. ಆಮೇಲೆ ಹೇಳಿದಳು: "ಸಣ್ಣಂವ ಇದ್ದಾಗ ಚಂದ್ರನಾಗಿನ ಮೊಲಾನೂ ನಿನಗ ಕಾಣ್ತಿರಲಿಲ್ಲ. ಅಪ್ಪ ಹೆಗಲ ಮ್ಯಾಲ ಕೂಡ್ರಿಸಿಕೊಂಡು ತೋರಸ್ತಿದ್ದ. ನೀ ಏನಂತಿದ್ದಿ ಗೊತ್ತದೇನು? ಅದು ಮೊಲ ಆದ್ರ ಕೆಳಗ ಯಾಕ ಬೀಳವಲ್ದು ಅಂತಿದ್ದಿ."

"ಇನ್ನೂ ಬಿದ್ದಿಲ್ಲ," ಎಂದ ಸಾತಲಿಂಗಪ್ಪ.

ಅಕ್ಕ ಹಣೆ ಬಡಿದುಕೊಂಡಳು. ಆದರೆ ಅವನಿಗೆ ಆ ದಿನ ನಿಜಕ್ಕೂ ದುಃಖವಾಗಿತ್ತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಮೋಡಗಳನ್ನು ನೋಡಿದ. ಮುಂದಿನ ಸೀಟಿನ ಮಗು "ಆನೆ, ಆನೆ" ಎಂದು ಬೆರಳು ತೋರಿಸುತ್ತಿತ್ತು. ಅವನಿಗೆ ಮೋಡಗಳೇ ಕಂಡವು.

ತಿರುಗಿ ಬಂದ ಕೆಲವೇ ದಿನಗಳಲ್ಲಿ ಪಕ್ಕದ ಅಂಗಡಿಯ ಮುಂದೆಯೂ ಜನ ಸಾಲುಗಟ್ಟಿ ಇನ್ನೊಂದು ಪಾಳಿ ಶುರುವಾಯಿತು.

ಪಕ್ಕದವನು ಅಣ್ಣಾರಾಯ. ಉಪ್ಪು ಮತ್ತು ಒಣಮೆಣಸಿನಕಾಯಿಯ ವ್ಯಾಪಾರಿ. ದೊಡ್ಡ ಬಾಯಿ, ಸಣ್ಣ ಮನಸ್ಸು ಎಂದು ಹೆಸರಾದವನು. ತೂಕ ಮಾಡುವಾಗ ಅವನ ಹೆಬ್ಬೆರಳು ತಕ್ಕಡಿಯ ತಟ್ಟೆಯ ಮೇಲೆಯೇ ಇರುತ್ತಿತ್ತು. ಎರಡೂ ಅಂಗಡಿಗಳಿಗೆ ಗೋಡೆ ಒಂದೇ. ಸಾತಲಿಂಗಪ್ಪನ ಕಡೆ ದೇವರ ಮುಖ ಮೂಡಿದ ಮೇಲೆ ಅಣ್ಣಾರಾಯನಿಗೆ ಊಟ ಸೇರಿರಲಿಲ್ಲ. ಕೊನೆಗೊಂದು ದಿನ ತನ್ನ ಕಡೆಯ ಗೋಡೆಗೆ ಒರಗಿಸಿದ್ದ ಉಪ್ಪಿನ ಚೀಲಗಳನ್ನು ಸರಿಸಿ ನೋಡಿದ. ಗೋಡೆ ಉಪ್ಪು ಹೀರಿ ಬೆಳ್ಳಗೆ ಹೂಬಿಟ್ಟಿತ್ತು.

"ಮುಖ ಆ ಕಡೆ ಅದ ಅಂದ ಮ್ಯಾಲ ಬೆನ್ನು ಯಾ ಕಡೆ ಇರಬೇಕು?" ಎಂದು ಓಣಿಯಲ್ಲಿ ನಿಂತು ಕೂಗಿದ. "ನೋಡ್ರಿ, ಬೆನ್ನಿಗೆ ವಿಭೂತಿ ಬಡಕೊಂಡಾನ!"

ಜನ ನಗುತ್ತಾರೆಂದು ಸಾತಲಿಂಗಪ್ಪ ಅಂದುಕೊಂಡಿದ್ದ. ನಗಲಿಲ್ಲ, ಯೋಚನೆ ಮಾಡಿದರು. ಎಷ್ಟೋ ಮಾತುಗಳನ್ನು ದೇವರ ಮುಖ ನೋಡಿ ಹೇಳುವುದಕ್ಕೆ ಆಗುವುದಿಲ್ಲ. ಬೆನ್ನಿಗಾದರೆ ಹೇಳಬಹುದು. ಅತ್ತೆಗೆ ಶಾಪ ಹಾಕಿದವರು, ಅಣ್ಣನ ಹೊಲದ ಬದುವನ್ನು ತುಸು ಒತ್ತಿದವರು, ಪರಸ್ತ್ರೀಯ ಕಡೆ ಮನಸ್ಸು ಹರಿಸಿದವರು ಅಣ್ಣಾರಾಯನ ಅಂಗಡಿಯ ಮುಂದೆ ಪಾಳಿ ಹಚ್ಚಿದರು. ಮೆಣಸಿನಕಾಯಿಯ ಘಾಟಿಗೆ ಅಲ್ಲಿ ನಿಂತವರು ಸೀನಲೇಬೇಕು. ಹೇಳಿಕೊಂಡ ಮೇಲೆ ಸೀನು ಬಂದರೆ ದೇವರು ಒಪ್ಪಿದ ಎಂದಾಯಿತು. ಎಲ್ಲರಿಗೂ ಸೀನು ಬರುತ್ತಿತ್ತು, ಎಲ್ಲರ ತಪ್ಪೂ ಮಾಫಾಗುತ್ತಿತ್ತು. ಮುಖದ ಪಾಳಿಗಿಂತ ಬೆನ್ನಿನ ಪಾಳಿ ಉದ್ದವಾಯಿತು.

ಹೀಗಿರುವಾಗ ಕುರನೂರಿನಿಂದ ಚಂದ್ರಭಾಗಾ ಎಂಬ ಮುದುಕಿ ಬಂದಳು. ಎರಡೂ ಕಣ್ಣು ಹೋಗಿದ್ದವು. ಸೊಸೆ ಕೈಹಿಡಿದು ತಂದು ಸಾತಲಿಂಗಪ್ಪನ ಗೋಡೆಯ ಮುಂದೆ ನಿಲ್ಲಿಸಿದಳು. ಮುದುಕಿ ಕೈಮುಗಿದು, ಮುಖವನ್ನು ಅತ್ತಿತ್ತ ತಿರುಗಿಸಿ, "ಅಂಗಡಿ ಯಜಮಾನರು ಎಲ್ಲದಾರ?" ಎಂದು ಕೇಳಿದಳು.

"ಇಲ್ಲೇ ಇದ್ದೀನಿ ಯವ್ವಾ."

"ನನಗ ಕಣ್ಣಿಲ್ಲೋ ಯಪ್ಪಾ. ಅಂವ ಹ್ಯಾಂಗ ಇದ್ದಾನ, ಸ್ವಲ್ಪ ಹೇಳು. ಉಳದಾವ್ರೆಲ್ಲಾ ಒಂದೊಂದು ಥರಾ ಹೇಳ್ತಾರ. ನಿನ್ನ ಮನಿ ದೇವರು, ನೀ ದಿನಾ ನೋಡಾಂವ. ನೀ ಹೇಳಿದ್ದು ಖರೆ ಅಂತ ತಿಳಕೋತೀನಿ."

ಪಾಳಿಯಲ್ಲಿದ್ದವರೂ ಕೇಳಲು ಮುಂದೆ ಬಾಗಿದರು. ಏನೂ ಕಾಣುವುದಿಲ್ಲ ಎಂಬ ಮಾತು ಸಾತಲಿಂಗಪ್ಪನ ಬಾಯಿಯವರೆಗೆ ಬಂತು. ಮುದುಕಿ ಮುಖ ಮೇಲೆತ್ತಿ ನಿಂತಿದ್ದಳು, ಹೊಲದಲ್ಲಿ ಮೊದಲ ಹನಿಗೆ ಮುಖವೊಡ್ಡಿ ನಿಲ್ಲುವವರ ಹಾಗೆ. ಅವನು ಹೇಳಲಾರದೆ ಬಾಗಿಲ ಕಡೆ ತಿರುಗಿದ. ಬಾಗಿಲಲ್ಲಿ, ಪಾಳಿ ಎಷ್ಟಿದೆಯೆಂದು ನೋಡಿ ಹೋಗಲು ಬಂದ ಅಣ್ಣಾರಾಯ ನಿಂತಿದ್ದ.

"ಮುಖ ಅಗಲ ಅದ ಯವ್ವಾ," ಎಂದು ಶುರುಮಾಡಿದ. ಕಂಡದ್ದನ್ನು ಹೇಳುವುದಷ್ಟೇ ಅವನಿಗೆ ಗೊತ್ತಿತ್ತು; ಹಾಗಾಗಿ ಕಂಡದ್ದನ್ನೇ ಹೇಳಿದ. "ಕಿವಿ ದೊಡ್ಡವು, ಕಿವ್ಯಾಗ ಕೂದಲ ಅವ. ಹುಬ್ಬು ಕೂಡ್ಯಾವ. ಎಡಗಣ್ಣು ಸ್ವಲ್ಪ ಸಣ್ಣದು. ಮೂಗಿನ ಮ್ಯಾಲ ಒಂದು ಮಚ್ಚಿ. ಏನೋ ಲೆಕ್ಕಾ ಹಾಕಾಕತ್ತಾಂಗ ಬಾಯಿ ಬಿಗಿ ಹಿಡದಾನ."

"ಆಹಾ!" ಎಂದಳು ಮುದುಕಿ. "ನಮ್ಮ ಮಂದಿ ಲೆಕ್ಕಾ ಅಂವಾ ಹಾಕದ ಇನ್ಯಾರು ಹಾಕಬೇಕು!"

ಅವಳು ತೃಪ್ತಿಯಿಂದ ಹೋದಳು. ಪಾಳಿಯವರು ಗೋಡೆಯ ಕಡೆ ನೋಡಿದರು. ಎಡಗಣ್ಣು ಸಣ್ಣದಿತ್ತು. ಹುಬ್ಬು ಕೂಡಿದ್ದವು. ಇಷ್ಟು ದಿನ ಯಾಕೆ ಕಂಡಿರಲಿಲ್ಲವೋ! ಮಾಸ್ತರರು ಚಶ್ಮಾ ಒರೆಸಿಕೊಂಡು ಮಚ್ಚೆಯನ್ನೂ ಹುಡುಕಿದರು. ಆಮೇಲೆ ಯಾರೋ ಬಾಗಿಲ ಕಡೆ ತಿರುಗಿದರು. ಅಣ್ಣಾರಾಯ ಇನ್ನೂ ಅಲ್ಲೇ ನಿಂತಿದ್ದ.

ಮೊದಲು ಕಾಲಿಗೆ ಬಿದ್ದವನು ಕಾಮಣ್ಣ.

ಆರಂಭದಲ್ಲಿ ಅಣ್ಣಾರಾಯನಿಗೆ ಹಿತವಾಗಿತ್ತು. ಬಿಳಿ ಧೋತ್ರ ಉಟ್ಟು, ಗಲ್ಲೆಯ ಮೇಲೆ ಗೋಡೆಯ ಬೆನ್ನಿಗೆ ತನ್ನ ಬೆನ್ನು ಹಚ್ಚಿ ಕೂತ. ಅವನ ಹೆಂಡತಿ ಸುಗಲಾಬಾಯಿ ಮಾತ್ರ ಉಮಾಬಾಯಿಯ ಮುಂದೆ ಬಂದು ಹೇಳಿದಳು: "ಈ ಮಾರಿಗೆ ಇಷ್ಟು ವರ್ಷ ರೊಟ್ಟಿ ಬಡದು ಹಾಕೀನಿ. ದೇವರಾಗಿದ್ರ ಮೊದಲ ನನಗ ಗೊತ್ತಾಗ್ತಿರಲಿಲ್ಲೇನ್ರೀ ಅಕ್ಕಾರ?"

ದೀಪಾವಳಿ ಮುಗಿದು ಚಳಿ ಬಿತ್ತು. ಇರುವೆಗಳು ಗೂಡು ಸೇರಿದವು. ಗೋಡೆಯ ಗಡ್ಡ ಮಾಯವಾಯಿತು. ಗಡ್ಡವಿಲ್ಲದ ಮುಖ ಅಣ್ಣಾರಾಯನದೇ ಎಂಬುದರಲ್ಲಿ ಯಾರಿಗೂ ಸಂಶಯ ಉಳಿಯಲಿಲ್ಲ. ಅಷ್ಟರಲ್ಲಿ ಅವನಿಗೆ ಸಾಕುಸಾಕಾಗಿತ್ತು. ಹಾದಿಯಲ್ಲಿ ಭಜಿ ತಿನ್ನುವ ಹಾಗಿಲ್ಲ. ಅರ್ಧ ತಿಂದ ಭಜಿಯನ್ನು ಪ್ರಸಾದವೆಂದು ಕಸಿದುಕೊಳ್ಳುತ್ತಾರೆ. ಯಾರಿಗಾದರೂ ಬೈದರೆ ಬೈಸಿಕೊಂಡವನು ಅಳುತ್ತ ನಮಸ್ಕರಿಸುತ್ತಾನೆ. ಹೋಲಿಕೆ ತಪ್ಪಿಸಿಕೊಳ್ಳಲು ಅಣ್ಣಾರಾಯ ಗಡ್ಡ ಬಿಟ್ಟ. ಓಣಿಯವರು ಬೆರಗಾದರು. ಗೋಡೆಯ ಮೇಲಿದ್ದ ಗಡ್ಡ ಅಣ್ಣಾರಾಯನ ಮುಖಕ್ಕೆ ಬಂತಲ್ಲ! ಇನ್ನೇನು ಸಾಕ್ಷಿ ಬೇಕು?

ಒಂದು ಬೆಳಿಗ್ಗೆ ಅವನು ಎಲ್ಲರ ಎದುರಿಗೆ, ಬೇಕಂತಲೇ, ಹೆಬ್ಬೆರಳನ್ನು ತಕ್ಕಡಿಯ ಮೇಲೆ ಒತ್ತಿ ಹಿಡಿದು ಉಪ್ಪು ತೂಗಿದ. "ನೋಡ್ರಿ! ಕಳ್ಳತನಾ ಮಾಡಾಕತ್ತೀನಿ! ನೋಡ್ರಿ!" ಎಂದ. ಕೊಳ್ಳಲು ಬಂದವಳು ಉಡಿಯೊಡ್ಡಿ, "ಬೆರಳು ಇನ್ನೊಂದು ಗಳಿಗಿ ಇಡ್ರಿ ಅಪ್ಪಾರ, ಪೂರಾ ಉಪ್ಪಿಗೆ ತಾಗಲಿ" ಎಂದು ಬೇಡಿಕೊಂಡಳು.

ಅಣ್ಣಾರಾಯ ಎದ್ದು ನೇರವಾಗಿ ಬೆಲ್ಲದ ಅಂಗಡಿಗೆ ಬಂದ. ಉಮಾಬಾಯಿಯ ಎದುರಿಗೇ ಅವನ ಕಣ್ಣಲ್ಲಿ ನೀರು ಬಂತು.

"ಸಾತಲಿಂಗಣ್ಣಾ, ನೀ ಕೊಟ್ಟ ಮುಖ, ನೀ ತಿರುಗಿ ತಗೋ. ನಿನಗ ಕೈಮುಗೀತೀನಿ."

"ಕೊಟ್ಟಿದ್ದು ನಾ ಅಲ್ಲೋ ಮಾರಾಯಾ. ನಾ ನಿನ್ನ ನೋಡಿ ಹೇಳಿದೆ. ಮುದುಕಿಗೆ ಇಲ್ಲ ಅನ್ನಲಿಕ್ಕೆ ಮನಸ್ಸಾಗಲಿಲ್ಲ."

"ಹಂಗಾರ ಮತ್ತೊಬ್ಬರ ಮುಖ ನೋಡಿ ಹೇಳು! ಮಾಸ್ತರರದು ಹೇಳು. ಅವರಿಗೆ ಪೆನ್ಶನ್ ಅದ, ಹೆಂಗಾರ ನಡೀತದ."

"ಆ ಮುದುಕಿ ಬಂದ್ರ ಖರೆ ಹೇಳ್ತೀನಿ," ಎಂದ ಸಾತಲಿಂಗಪ್ಪ. ಅದಕ್ಕಿಂತ ಹೆಚ್ಚಿನದು ಅವನಿಂದ ಆಗುವಂತಿರಲಿಲ್ಲ. ಒಂದು ಸಲ ಸುಳ್ಳಿನ ಹತ್ತಿರ ಹೋಗಿ ಬಂದದ್ದಕ್ಕೇ ಅವನಿಗೆ ನಿದ್ದೆ ಕಡಿಮೆಯಾಗಿತ್ತು.

ಚಂದ್ರಭಾಗಾ ಸಂಕ್ರಾಂತಿ ಕಳೆದ ಮೇಲೆ ಬಂದಳು. ಆ ದಿನ ಪಾಳಿ ಬೀದಿಯ ತಿರುವಿನವರೆಗೂ ಇತ್ತು. ಸಾತಲಿಂಗಪ್ಪ ಗಲ್ಲೆಯಿಂದ ಇಳಿದುಹೋಗಿ ಅವಳ ಮುಂದೆ ನಿಂತ.

"ಯವ್ವಾ, ಆವತ್ತು ನಾ ಹೇಳಿದ್ದು ಖೊಟ್ಟಿ. ನನಗ ಈ ಗೋಡ್ಯಾಗ ಯಾವತ್ತೂ ಏನೂ ಕಂಡಿಲ್ಲ. ಬಾಗಲದಾಗ ಬಾಜೂ ಅಂಗಡಿಯಾಂವ ನಿಂತಿದ್ದ. ಅವನ ಮಾರಿ ನೋಡಿ ಹೇಳಿದೆ."

ಮುದುಕಿ ಸಿಟ್ಟಾಗಲಿಲ್ಲ. ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. "ಗೊತ್ತಿತ್ತೋ ಯಪ್ಪಾ. ಗೋಡಿ ನನ್ನ ಎದುರಿಗೆ ಇತ್ತು, ನಿನ್ನ ದನಿ ಬಾಗಲ ಕಡೆ ಹೊಂಟಿತ್ತು. ಯಾರನ್ನೋ ನೋಡಿ ಹೇಳಾಕತ್ತಾನ ಅನಕೊಂಡೆ."

"ಹಂಗಾರ ಮತ್ತ ಯಾಕ ಬಂದಿ?"

"ನೀ ಚಂದ ಹೇಳಿದ್ಯಲ್ಲ. ಕಿವ್ಯಾಗ ಕೂದಲು ಅಂತ ಯಾರೂ ಹೇಳಂಗಿಲ್ಲ. ಎಲ್ಲಾರೂ ತೇಜಸ್ಸು, ತೇಜಸ್ಸು ಅಂತಾರ. ತೇಜಸ್ಸು ಕೇಳಿ ಕೇಳಿ ಸಾಕಾಗ್ಯಾದ."

ಪಾಳಿಯವರು ಇದನ್ನೆಲ್ಲ ಕೇಳಿಸಿಕೊಂಡರು. ಸಾತಲಿಂಗಪ್ಪನ ಮಾತಿಗೆ ತಲೆದೂಗಿ, ಇಷ್ಟೆಲ್ಲ ಆದರೂ ಎಷ್ಟು ತಗ್ಗಿ ನಡೆಯುತ್ತಾನೆ ನೋಡು ಎಂದರು. ಸತ್ಯದಿಂದ ಏನೂ ಆಗಲಿಲ್ಲ. ಹೊರಗೆ ನಿಂತು ಕೇಳುತ್ತಿದ್ದ ಅಣ್ಣಾರಾಯ ತಲೆಯ ಮೇಲೆ ಕೈಹೊತ್ತು ಕಟ್ಟೆಯ ಮೇಲೆ ಕುಸಿದ. ಅವನ ಎರಡೂ ಕಡೆ ಯಾರೋ ಊದುಬತ್ತಿ ಹಚ್ಚಿಟ್ಟರು.

ಕೆಲಸ ಮಾಡಿದ್ದು ಸೋಲಾಪುರದ ಬೇಸಿಗೆ. ಈ ಕಡೆ ಬೆಲ್ಲ, ಆ ಕಡೆ ಉಪ್ಪು ತಿಂದ ಗೋಡೆ ಶಿವರಾತ್ರಿಯ ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿತು. ಒಂದು ಮಧ್ಯಾಹ್ನ, ಜನರೆಲ್ಲ ಊಟಕ್ಕೆ ಹೋದ ಹೊತ್ತಿನಲ್ಲಿ, ಗೋಡೆಗೆ ಮೆತ್ತಿದ್ದ ಗಿಲಾವು ಹೂವಿನ ಸರದ ಸಮೇತ ಧಡ್ ಎಂದು ನೆಲಕ್ಕೆ ಬಿತ್ತು. ಆ ಕಡೆ ಬೆನ್ನೂ ಉದುರಿತು. ಉಮಾಬಾಯಿ ಒಳಗಿಂದ ಓಡಿಬಂದಳು. ಧೂಳಿನಲ್ಲಿ ನಿಂತಿದ್ದ ಗಂಡ ಹೇಳಿದ: "ಗಿಲಾವು ಬಿತ್ತು." ಅವನ ಮಾತಿಗೆ ಆ ಒಂದು ದಿನ ಎಲ್ಲರೂ ಒಪ್ಪಬೇಕಾಯಿತು.

ಸಂಜೆಯ ಹೊತ್ತಿಗೆ ನೆಲದ ಮೇಲೆ ಒಂದು ಚೂರೂ ಉಳಿಯಲಿಲ್ಲ. ಮೂಗು ಮಾಸ್ತರರ ಮನೆಗೆ ಹೋಯಿತು. ಹಣೆ ನೇಕಾರರ ಓಣಿಗೆ ಹೋಯಿತು. ಕಾಮಣ್ಣ ಒಂದು ಕಣ್ಣನ್ನು ವಸ್ತ್ರದಲ್ಲಿ ಸುತ್ತಿ ಹುಲಜಂತಿಗೆ ಒಯ್ದ. ಮಹಿಬೂಬ ತನ್ನ ಪಾಲಿನದನ್ನು ಚಹಾದ ಅಂಗಡಿಯ ಮೇಲಿನ ಗೂಡಿನಲ್ಲಿಟ್ಟು ದಿನವೂ ಲೋಬಾನ ಹಾಕತೊಡಗಿದ. ಬೆನ್ನಿನ ಚೂರು ಮಾತ್ರ ಯಾರೂ ಕೇಳಲಿಲ್ಲ. ಅದಕ್ಕೆ ಹೇಳಿಕೊಂಡದ್ದೆಲ್ಲ ಅದರಲ್ಲೇ ಇದೆಯಲ್ಲ ಎಂಬ ಅಂಜಿಕೆ. ಸುಗಲಾಬಾಯಿ ಅದನ್ನು ಬುಟ್ಟಿಯಲ್ಲಿ ತುಂಬಿ ಹಿತ್ತಲಿನ ತೆಂಗಿನ ಬುಡಕ್ಕೆ ಸುರಿದಳು. ಆ ವರ್ಷ ಕಾಯಿ ಚೆನ್ನಾಗಿ ಹಿಡಿದವು.

ಮುಖ ಬಿದ್ದ ಮೇಲೆ ಯಾರೂ ಅಣ್ಣಾರಾಯನ ಕಾಲಿಗೆ ಬೀಳಲಿಲ್ಲ. ಮೊದಮೊದಲು ಅವನು ಎರಡೆರಡು ತಟ್ಟೆ ಭಜಿ ತಿಂದು, ಬೇಕಾದವರಿಗೆಲ್ಲ ಬೈದು ಸುಖಪಟ್ಟ. ಆಮೇಲೆ ಯಾಕೋ ಕಳೆಗುಂದಿದ. ಗಡ್ಡ ತೆಗೆಯಲಿಲ್ಲ. ಅಂಗಡಿಯ ಮುಂದೆ ಯಾರಾದರೂ ಬಗ್ಗಿದರೆ ಆಸೆಯಿಂದ ನೋಡುತ್ತಿದ್ದ. ಅವರು ಚಪ್ಪಲಿಯ ಅಂಗುಟ ಸರಿಮಾಡಿಕೊಂಡು ಹೋಗುತ್ತಿದ್ದರು.

ಚಂದ್ರಭಾಗಾ ಬರುವುದನ್ನು ಬಿಡಲಿಲ್ಲ. ಸೊಸೆಗೆ ಪೇಠೆಯಲ್ಲಿ ಕೆಲಸವಿದ್ದಾಗಲೆಲ್ಲ ಮುದುಕಿಯನ್ನು ಸಾತಲಿಂಗಪ್ಪನ ಅಂಗಡಿಯಲ್ಲಿ ಕೂಡ್ರಿಸಿ ಹೋಗುತ್ತಿದ್ದಳು. ಉಮಾಬಾಯಿ ಒಂದು ಚೂರು ಬೆಲ್ಲ, ಒಂದು ಲೋಟ ನೀರು ಕೊಡುತ್ತಿದ್ದಳು. ಮುದುಕಿ ಬೆಲ್ಲವನ್ನು ಒಸಡಿನಲ್ಲಿ ಒತ್ತಿಕೊಂಡು, "ಏನೇನು ಕಾಣ್ತದ, ಹೇಳೋ ಯಪ್ಪಾ" ಎನ್ನುತ್ತಿದ್ದಳು. ಸಾತಲಿಂಗಪ್ಪ ಹೇಳುತ್ತಿದ್ದ. ಅಷ್ಟು ವರ್ಷ ಯಾರಿಗೂ ಬೇಡವಾಗಿದ್ದ ಅವನ ಮಾತಿಗೆ ಒಬ್ಬ ಗಿರಾಕಿ ಸಿಕ್ಕಿದ್ದಳು. ಬರಬರುತ್ತ ಓಣಿಯ ಹೆಂಗಸರೂ ಕಾಳು ಆರಿಸುವ ಮೊರ ಹಿಡಿದು ಅಲ್ಲೇ ಬಂದು ಕೂಡತೊಡಗಿದರು. ತಮ್ಮ ಕಣ್ಣೆದುರಿಗೇ ಇದ್ದದ್ದನ್ನು ಅವನ ಬಾಯಿಂದ ಕೇಳಿ ಹೊಟ್ಟೆ ಹಿಡಿದು ನಗುತ್ತಿದ್ದರು.

ಎಪ್ಪತ್ತೊಂಬತ್ತರ ಸುಮಾರಿಗೆ ಅವನ ಕೂದಲು ಪೂರ್ತಿ ಹಣ್ಣಾಗಿತ್ತು. ಆಗಿನ ಒಂದು ಮಧ್ಯಾಹ್ನ ಮುದುಕಿ ಎಂದಿನಂತೆ ಕೇಳಿದಳು:

"ಎದುರಿಗೆ ಏನದ?"

"ಒಂದು ಲಾರಿ ನಿಂತದ. ಹಸರು ಬಣ್ಣದ್ದು. ದೃಷ್ಟಿ ಆಗಬಾರದಂತ ಮುಂದ ನಿಂಬಿಹಣ್ಣು, ಮೆಣಸಿನಕಾಯಿ ಕಟ್ಯಾರ."

"ಹೂಂ."

"ಒಂದು ಆಡು ಬಂತು. ನಿಂತ್ಕೊಂಡು ಅದನ್ನ ತಿನ್ನಾಕತ್ತದ."

"ಮೆಣಸಿನಕಾಯೀನೂ ತಿಂತೇನ?"

ಸಾತಲಿಂಗಪ್ಪ ಸ್ವಲ್ಪ ಮುಂದೆ ಬಾಗಿ ನೋಡಿದ.

"ತಡಿ ಯವ್ವಾ. ನಿಂಬಿಹಣ್ಣು ಮುಗೀತು. ಈಗ ವಿಚಾರ ಮಾಡಾಕತ್ತದ."